ಒದ್ದೆ ಗೋಡೆಯ ಬಿಲ್ ಯಾರು ಕಟ್ಟಬೇಕು?

ಜುಲೈ ತಿಂಗಳಲ್ಲಿ ಮಡಿಕೇರಿಯ ಯಾವುದಾದರೂ ಬಾಡಿಗೆ ಮನೆಯಲ್ಲಿ ಬೀರುವನ್ನು ಸ್ವಲ್ಪ ಎಳೆದು ಹಿಂದೆ ನೋಡಿ. ಗೋಡೆ ತುಂಬ ಕಪ್ಪು ಬೂಷ್ಟು, ಉಬ್ಬಿ ಎದ್ದ ಪೇಂಟ್, ಮುಟ್ಟಿದರೆ ಬೆರಳಿಗೆ ತಣ್ಣನೆಯ ಪಸೆ. ಇದು ಜಾಸ್ತಿ ಕಾಣುವುದು ನೈಋತ್ಯದ ಮೂಲೆಯಲ್ಲಿ. ಕೂಡಲೇ ಯಾರೋ ವಾಸ್ತುದೋಷ ಅಂತಾರೆ, ಪೂಜೆ ಮಾಡಿಸಿ ಅಂತಾರೆ. ಮುಂಗಾರಿನ ಗಾಳಿ ಬೀಸುವುದೇ ನೈಋತ್ಯದಿಂದ ಅಲ್ವಾ? ಮಳೆಯ ಎರಚಲು ನೇರವಾಗಿ ಬಡಿಯುವುದು ಆ ಗೋಡೆಗೇ. ಸೂರಿಲ್ಲದ ಗೋಡೆ ನೀರು ಕುಡಿಯುತ್ತದೆ, ಅಷ್ಟೇ. ಕೊಡವರ ಹಳೆಯ ಐನ್‌ಮನೆಗಳನ್ನು, ಅಂದರೆ ಕುಟುಂಬದ ಮೂಲಮನೆಗಳನ್ನು ನೋಡಿ. ಇಳಿಜಾರಿನ ಮಾಡು, ಗೋಡೆಯಿಂದ ಸಾಕಷ್ಟು ಹೊರಗೆ ಚಾಚಿದ ಸೂರು, ಮುಂದೆ ಕೈಯಾಲೆ ಅನ್ನುವ ಜಗಲಿ. ಅದನ್ನು ಕಟ್ಟಿದವರಿಗೆ ಈ ಮಳೆ ಚೆನ್ನಾಗಿ ಗೊತ್ತಿತ್ತು. ಈಗಿನ ಚೌಕಾಕಾರದ ಕಾಂಕ್ರೀಟ್ ಮನೆಗೆ ಸೂರೇ ಇಲ್ಲ.

ಈ ಪಸೆಗೂ ಕರೆಂಟ್ ಬಿಲ್ಲಿಗೂ ನೇರ ಸಂಬಂಧವಿದೆ. ಇಟ್ಟಿಗೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರುತ್ತವೆ. ಗೋಡೆ ಒಣಗಿದ್ದರೆ ಅವುಗಳಲ್ಲಿ ಗಾಳಿ ನಿಂತಿರುತ್ತದೆ. ನಿಂತ ಗಾಳಿ ಶಾಖವನ್ನು ಸುಲಭಕ್ಕೆ ದಾಟಲು ಬಿಡುವುದಿಲ್ಲ. ಮಳೆಗಾಲದಲ್ಲಿ ಆ ತೂತುಗಳಿಗೆ ನೀರು ತುಂಬುತ್ತದೆ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖ ಸಾಗಿಸುತ್ತದೆ. ಆಗ ಆ ಮನೆಯೊಳಗಿರುವುದು ಒದ್ದೆ ಕಂಬಳಿ ಹೊದ್ದು ಮಲಗಿದ ಹಾಗೆ.

ಇನ್ನು ಆವಿಯ ಲೆಕ್ಕ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2450 ಕಿಲೋಜೂಲ್ ಶಾಖ ಬೇಕು. ಮೀಟರಿನ ಲೆಕ್ಕದಲ್ಲಿ ಹತ್ತಿರ ಹತ್ತಿರ 0.68 ಯೂನಿಟ್. 1000 ವಾಟ್ ಹೀಟರ್ ನಲವತ್ತು ನಿಮಿಷ ಉರಿದರೆ ಅಷ್ಟಾಗುತ್ತದೆ. ಕಕ್ಕಡದ, ಅಂದರೆ ಜುಲೈ-ಆಗಸ್ಟ್‌ನ ಕೊಡವ ತಿಂಗಳ ಮಳೆಯಲ್ಲಿ ಹೊರಗೆ ಬಟ್ಟೆ ಒಣಗುವ ಮಾತೇ ಇಲ್ಲ. ನಡುಮನೆಯಲ್ಲಿ ಹಗ್ಗ ಕಟ್ಟಿ, ಕಿಟಕಿ ಮುಚ್ಚಿ, ಹೀಟರ್ ಹಾಕುತ್ತಾರೆ. ಬಟ್ಟೆಯಲ್ಲಿ ಮೂರು ಲೀಟರ್ ನೀರಿದ್ದರೆ ಅದನ್ನು ಆವಿ ಮಾಡಲಿಕ್ಕೇ ಎರಡು ಯೂನಿಟ್ ಬೇಕು. ಆ ಆವಿ ಹೋಗುವುದೆಲ್ಲಿಗೆ? ಕೋಣೆಯಲ್ಲಿ ಎಲ್ಲಕ್ಕಿಂತ ತಣ್ಣಗಿರುವ ಜಾಗಕ್ಕೆ, ಅಂದರೆ ಬೀರುವಿನ ಹಿಂದಿನ ಅದೇ ಗೋಡೆಗೆ. ಅಲ್ಲಿ ಮತ್ತೆ ನೀರಾಗುತ್ತದೆ. ಹೊತ್ತು ತಂದ ಶಾಖವನ್ನು ಗೋಡೆಗೆ ಕೊಡುತ್ತದೆ, ಗೋಡೆ ಅದನ್ನು ಹೊರಗಿನ ಮಳೆಗೆ ದಾಟಿಸುತ್ತದೆ. ಬಟ್ಟೆ ಒಣಗಿತು, ಗೋಡೆ ಇನ್ನಷ್ಟು ಒದ್ದೆಯಾಯಿತು, ಮೀಟರ್ ಓಡಿತು.

"ನೀವು ಒಳಗೆ ಬಟ್ಟೆ ಹಾಕ್ತೀರಿ, ಅದಕ್ಕೇ ಬೂಷ್ಟು" ಅಂತ ಮಾಲೀಕರು ಹೇಳುವುದರಲ್ಲಿ ಅರ್ಧ ನಿಜವಿದೆ. ಉಳಿದರ್ಧ ಆ ತಣ್ಣನೆಯ ಗೋಡೆಯದು. ಗೋಡೆ ಮಾಲೀಕರದು, ಬಿಲ್ ಬಾಡಿಗೆದಾರರದು. ಸರಿಪಡಿಸುವವರಿಗೆ ಲಾಭವಿಲ್ಲ. ಹನ್ನೊಂದು ತಿಂಗಳ ಅಗ್ರಿಮೆಂಟ್ ಇರುವವರು ಬೇರೆಯವರ ಗೋಡೆಗೆ ದುಡ್ಡು ಹಾಕುವುದೂ ಇಲ್ಲ. ಗೀಸರ್ ಕಥೆಯೂ ಇದೇ. ಅದರ ಮೇಲಿನ ಸ್ಟಾರ್ ಹೇಳುವುದು ಬಿಸಿನೀರು ಸುಮ್ನೆ ನಿಂತಾಗ ಎಷ್ಟು ಶಾಖ ಸೋರುತ್ತದೆ ಅನ್ನುವುದನ್ನು. ಕಡಿಮೆ ಸ್ಟಾರಿನದನ್ನು ಕೊಂಡು ಉಳಿಸುವವರು ಒಬ್ಬರು, ವರ್ಷಗಟ್ಟಲೆ ಕಟ್ಟುವವರು ಇನ್ನೊಬ್ಬರು.

ಈ ಗಂಟನ್ನು ಕೆಲವು ದೇಶಗಳು ಕಾನೂನಿನಿಂದ ಬಿಡಿಸಹೊರಟಿವೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮನೆ ಶಕ್ತಿಯನ್ನು ಎಷ್ಟು ಉಳಿಸುತ್ತದೆ ಅಂತ ನೋಡಿ ಎ (ಎಲ್ಲಕ್ಕಿಂತ ಒಳ್ಳೆಯದು) ಯಿಂದ ಜಿ ವರೆಗೆ ದರ್ಜೆ ಕೊಡುತ್ತಾರೆ. 2018ರ ಏಪ್ರಿಲ್‌ನಿಂದ ಹೊಸ ಬಾಡಿಗೆಗೆ, 2020ರ ಏಪ್ರಿಲ್‌ನಿಂದ ಹಳೆಯ ಬಾಡಿಗೆಗೂ ಕನಿಷ್ಠ ಇ ದರ್ಜೆ ಬೇಕು. ವಿನಾಯಿತಿ ಪಡೆಯದೆ ಎಫ್, ಜಿ ಮನೆಗಳನ್ನು ಬಾಡಿಗೆಗೆ ಕೊಡುವಂತಿಲ್ಲ. ಮಾಲೀಕರ ಖರ್ಚಿಗೂ 3500 ಪೌಂಡಿನ ಮಿತಿ ಇಟ್ಟರು. ಫ್ರಾನ್ಸ್ ಇನ್ನೂ ಮೊದಲೇ ಶುರು ಮಾಡಿತ್ತು. 1973ರಲ್ಲಿ ತೈಲದ ಬೆಲೆ ಗಗನಕ್ಕೇರಿದಾಗ ಕಂಗಾಲಾದ ಆ ದೇಶ, ಮರುವರ್ಷವೇ ಹೊಸ ಮನೆಗಳಿಗೆ ಶಾಖದ ನಿಯಮ ತಂದಿತು. 2025ರ ಜನವರಿಯಿಂದ ಅಲ್ಲಿ ಜಿ ದರ್ಜೆಯ ಮನೆಯನ್ನು ಹೊಸದಾಗಿ ಬಾಡಿಗೆಗೆ ಬಿಡುವಂತಿಲ್ಲ.

ನಮ್ಮಲ್ಲಿ 2018ರಲ್ಲಿ ಇಕೋ ನಿವಾಸ್ ಸಂಹಿತಾ ಬಂತು, ಅಂದರೆ ವಾಸದ ಕಟ್ಟಡಗಳಲ್ಲಿ ಶಕ್ತಿ ಉಳಿಸಲು ಕೇಂದ್ರ ಸರ್ಕಾರ ತಂದ ನಿಯಮಾವಳಿ. ಅದರ ಪ್ರಕಾರ ಒಂದು ಚದರ ಮೀಟರ್ ತಾರಸಿ, ಒಳಗೂ ಹೊರಗೂ ಇರುವ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ, 1.2 ವಾಟ್‌ಗಿಂತ ಜಾಸ್ತಿ ಶಾಖ ಬಿಡಬಾರದು. ಬರೀ ಆರ್‌ಸಿಸಿ ತಾರಸಿ ಅದರ ಮೂರು ಪಟ್ಟು ಬಿಡುತ್ತದೆ. ಆದರೆ ಈ ಸಂಹಿತೆ ಬಂದದ್ದು ದೊಡ್ಡ ನಿವೇಶನದ ಹೊಸ ಕಟ್ಟಡಗಳಿಗೆ. ಮಡಿಕೇರಿಯ ಹಳೇ ಮಹಡಿಮನೆ ಅದರ ಲೆಕ್ಕದಲ್ಲೇ ಇಲ್ಲ. ಯುರೋಪಿನ ನಿಯಮವನ್ನು ಹಾಗೇ ಇಲ್ಲಿಗೆ ತರಬೇಕು ಅಂತ ನಾನು ಹೇಳುವುದಿಲ್ಲ. ಅವರ ಶತ್ರು ಚಳಿ, ನಮ್ಮದು ನೀರು. ಕೊಡಗಿಗೆ ನಿಯಮ ಬಂದರೆ ಮೊದಲು ಎರಚಲು ಬಡಿಯುವ ಗೋಡೆಗೆ ಸೂರು, ತಾರಸಿ ಮೇಲೆ ಶೀಟ್, ಬಚ್ಚಲಿಗೆ ಎಕ್ಸಾಸ್ಟ್ ಫ್ಯಾನ್ ಕೇಳಬೇಕು. ಒದ್ದೆ ಗೋಡೆಗೆ ಮೇಲಿಂದ ಮೇಲೆ ಪೇಂಟ್ ಬಳಿದರೆ ನೀರು ಒಳಗೇ ಸಿಕ್ಕಿಬೀಳುತ್ತದೆ.

ಇಲ್ಲಿ ಮನೆ ಹುಡುಕುವವರು ಬರುವುದು ಹೆಚ್ಚಾಗಿ ಏಪ್ರಿಲ್, ಮೇ ತಿಂಗಳಲ್ಲಿ, ಮಕ್ಕಳ ಶಾಲೆ ಶುರುವಾಗುವ ಮೊದಲು. ಆಗ ಗೋಡೆ ಒಣಗಿರುತ್ತದೆ, ಹೊಸ ಪೇಂಟ್ ಹೊಳೆಯುತ್ತಿರುತ್ತದೆ. ಅಡ್ವಾನ್ಸ್ ಕೊಡುವ ಮೊದಲು ಕಳೆದ ಜುಲೈ, ಆಗಸ್ಟ್ ತಿಂಗಳ ಕರೆಂಟ್ ಬಿಲ್ ತೋರಿಸಿ ಅಂತ ಕೇಳಿ. ಗೃಹಜ್ಯೋತಿಯಿಂದ ಮೊತ್ತ ಸೊನ್ನೆ ಇದ್ದರೂ ಎಷ್ಟು ಯೂನಿಟ್ ಅಂತ ಅದರಲ್ಲಿ ಬರೆದಿರುತ್ತದೆ. ಅದನ್ನು ಅದೇ ಮನೆಯ ಏಪ್ರಿಲ್ ಬಿಲ್ ಪಕ್ಕ ಇಟ್ಟು ನೋಡಿ.