‘ಕಾರವಾರ’ ಬರೆಯೋಕೆ ಎಷ್ಟು ಕೀಲಿ ಒತ್ತಬೇಕು?

ಇಂಗ್ಲಿಷ್ ಅಕ್ಷರ ಕುಟ್ಟಿ ಕನ್ನಡ ಮೂಡಿಸುವವರು ‘ಕಾರವಾರ’ ಅಂತ ಬರೆಯಲು ಹತ್ತು ಕೀಲಿ ಒತ್ತುತ್ತಾರೆ. ದೀರ್ಘಕ್ಕೆ ಎರಡೆರಡು ‘ಎ’ ಬೇಕಲ್ಲ! ‘ನುಡಿ’ ತಂತ್ರಾಂಶದಲ್ಲಿರುವ ಕೆ.ಪಿ. ರಾವ್ ಕೀಲಿ ವಿನ್ಯಾಸದಲ್ಲಿ ಆರೇ ಕೀಲಿ, ಆದರೆ ಎರಡು ಸಲ ಶಿಫ್ಟ್ ಹಿಡಿಯಬೇಕು. ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ವಿನ್ಯಾಸದಲ್ಲೂ ಆರು ಕೀಲಿ, ಶಿಫ್ಟ್ ಬೇಡ್ವೇ ಬೇಡ. ‘ಯಲ್ಲಾಪುರ’ಕ್ಕೆ ಬಂದರೆ ಅಂತರ ಕಡಿಮೆ. ಒತ್ತಕ್ಷರಕ್ಕೆ ಈ ಎರಡೂ ವಿನ್ಯಾಸಗಳಲ್ಲಿ ಒಂದು ಕೀಲಿ ಹೆಚ್ಚು ಬೇಕು, ಹಾಗಾಗಿ ಎಂಟು. ಇಂಗ್ಲಿಷ್ ದಾರಿಯಲ್ಲಿ ಅದೇ ಹತ್ತು.

ಹಾಗಾದರೆ ಎಲ್ಲರೂ ಇನ್‌ಸ್ಕ್ರಿಪ್ಟ್ ಯಾಕೆ ಬಳಸುವುದಿಲ್ಲ?

ಇದು ಕನ್ನಡದ್ದಷ್ಟೇ ಕಥೆಯಲ್ಲ. ಇಂಗ್ಲಿಷ್‌ಗೆ ನಾವೆಲ್ಲ ಬಳಸುವ ಕ್ವರ್ಟಿ ಕೀಲಿ ಜೋಡಣೆ 1870ರ ದಶಕದ್ದು, ಅಮೆರಿಕದ ಕ್ರಿಸ್ಟೋಫರ್ ಶೋಲ್ಸ್ ಅವರ ಬೆರಳಚ್ಚು ಯಂತ್ರದ್ದು. ಅದು ಬೆರಳಿಗೆ ತ್ರಾಸು ಕೊಡುತ್ತದೆ ಅಂತ ಆಗಸ್ಟ್ ಡ್ವೊರಾಕ್ ಬೇರೆಯದೇ ಜೋಡಣೆ ಮಾಡಿ 1936ರಲ್ಲಿ ಪೇಟೆಂಟ್ ಪಡೆದರು. ಸ್ವರಗಳೆಲ್ಲ ಎಡಗೈಗೆ, ಹೆಚ್ಚು ಬಳಕೆಯ ವ್ಯಂಜನಗಳು ಬಲಗೈಗೆ. ಎರಡೂ ಕೈ ಸರದಿಯಲ್ಲಿ ದುಡಿಯಲಿ ಎಂಬ ಲೆಕ್ಕಾಚಾರ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆ ನಡೆಸಿದ ಪರೀಕ್ಷೆ ಇದನ್ನು ಹೊಗಳಿತು. ಆದರೆ ಡ್ವೊರಾಕ್ ಆಗ ಅದೇ ನೌಕಾಪಡೆಯಲ್ಲಿದ್ದರು, ಹಾಗಾಗಿ ಆ ಹೊಗಳಿಕೆಯನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು. 1956ರಲ್ಲಿ ಅಲ್ಲಿನ ಸರ್ಕಾರಕ್ಕಾಗಿ ಅರ್ಲ್ ಸ್ಟ್ರಾಂಗ್ ನಡೆಸಿದ ಪರೀಕ್ಷೆಯಲ್ಲಿ, ಮತ್ತೆ ತರಬೇತಿ ಕೊಡುವ ಖರ್ಚಿಗೆ ತಕ್ಕ ಲಾಭ ಕಾಣಲಿಲ್ಲ. ಡ್ವೊರಾಕ್ ಜೋಡಣೆ ಅಲ್ಲಿಗೇ ಮೂಲೆ ಸೇರಿತು.

ಕಾರವಾರ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಬಂದದ್ದೂ 1956ರಲ್ಲೇ. ಸಂಬಂಧ ಏನಿಲ್ಲ, ಸುಮ್ನೆ ನೆನಪಾಯಿತು.

ಮೂವತ್ತು ವರ್ಷದ ಮೇಲೆ, 1986ರಲ್ಲಿ, ಭಾರತ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ಇನ್‌ಸ್ಕ್ರಿಪ್ಟ್ ತಂದಿತು. ಇಲ್ಲೂ ಸ್ವರ ಎಡಗೈಗೆ, ವ್ಯಂಜನ ಹೆಚ್ಚಾಗಿ ಬಲಗೈಗೆ. ಡ್ವೊರಾಕ್ ನೋಡಿದ್ದರೆ ಖುಷಿಪಡುತ್ತಿದ್ದರೇನೋ. ಆದರೆ ಕೀಲಿಯ ಮೇಲೆ ಅಚ್ಚಾಗಿದ್ದುದು ಇಂಗ್ಲಿಷ್ ಅಕ್ಷರ. ಕಿನ್ನಿಕಂಬಳದ ಕೆ.ಪಿ. ರಾವ್ ಅದನ್ನೇ ಅನುಕೂಲ ಮಾಡಿಕೊಂಡರು. ‘ಕೆ’ ಒತ್ತಿದರೆ ಕ, ‘ಆರ್’ ಒತ್ತಿದರೆ ರ. ಟ, ಡ ಮಾತ್ರ ‘ಕ್ಯೂ’, ‘ಡಬ್ಲ್ಯೂ’ಗಳಲ್ಲಿ ಅಡಗಿವೆ, ಅವನ್ನು ಬಾಯಿಪಾಠ ಮಾಡಬೇಕು. ಉಳಿದದ್ದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ರಾಜ್ಯ ಸರ್ಕಾರವೂ ಇದನ್ನೇ ಒಪ್ಪಿಕೊಂಡಿತು. ಕಚೇರಿಯಲ್ಲಿ ನುಡಿ, ಡಿಟಿಪಿ ಅಂಗಡಿಯಲ್ಲೂ ನುಡಿ. ದಸ್ತಾವೇಜು ಬರೆಸಲು ಗಿರಾಕಿ ಎದುರಿಗೆ ಕೂತಿರುವಾಗ ಹೊಸ ಜೋಡಣೆ ಕಲಿಯಲು ಯಾರಿಗೆ ಪುರಸೊತ್ತು?

ಆದರೆ ನಮ್ಮ ಕರಾವಳಿಗೆ ಇನ್‌ಸ್ಕ್ರಿಪ್ಟ್‌ನಿಂದ ಒಂದು ಲಾಭ ಇದೆ, ಬೆಂಗಳೂರಿನವರಿಗೆ ಅದು ಅಷ್ಟಾಗಿ ಹೊಳೆಯುವುದಿಲ್ಲ. ಭಾರತದ ಹೆಚ್ಚಿನ ಲಿಪಿಗಳಿಗೆ ಅದರಲ್ಲಿ ಒಂದೇ ಜೋಡಣೆ. ಕನ್ನಡದ ಕ ಎಲ್ಲಿದೆಯೋ ದೇವನಾಗರಿಯ ಕ ಕೂಡ ಅಲ್ಲೇ. ಕಾರವಾರದಲ್ಲಿ ಕೊಂಕಣಿಯನ್ನು ದೇವನಾಗರಿಯಲ್ಲೂ ಬರೆಯುತ್ತಾರೆ, ಅರ್ಜಿ ಕನ್ನಡದಲ್ಲಿ. ಲಿಪಿ ಬದಲಾದರೂ ಬೆರಳು ಹೋಗುವ ಜಾಗ ಬದಲಾಗುವುದಿಲ್ಲ. ನನ್ನ ಮಟ್ಟಿಗೆ ನಾಲ್ಕು ಕೀಲಿ ಉಳಿಸುವುದಕ್ಕಿಂತ ಇದೇ ಜಾಸ್ತಿ ಬೆಲೆಯದು.

ಈ ಆಸೆಯಿಂದಲೇ ನಾನೂ ಕಲಿಯಲು ಕೂತೆ. ಮೊದಲ ದಿನ ‘ಶಿರಸಿ’ ಬರೆಯಲು ಹೋಗಿ ಶ ಸಿಗದೆ ಒದ್ದಾಡಿದೆ. ಅದು ‘ಎಂ’ ಕೀಲಿಯಲ್ಲಿ, ಶಿಫ್ಟ್‌ನ ಹಿಂದೆ ಕೂತಿತ್ತು.