ಪದ ಪರಿಚಯ: ಕೆವಿ

ಬ್ರಶ್‌ಲೆಸ್ ಮೋಟಾರಿಗೆ ಒಂದು ವೋಲ್ಟ್ ಕೊಟ್ಟಾಗ, ಹೊರೆಯೇನೂ ಇಲ್ಲದೆ ಅದು ನಿಮಿಷಕ್ಕೆ ಎಷ್ಟು ಸುತ್ತು ತಿರುಗಬಲ್ಲದೋ ಅದೇ ಅದರ ಕೆವಿ. ಮನೆಯಲ್ಲಿ ಫೋಮ್ ಹಾಳೆ ಕತ್ತರಿಸಿ ರೇಡಿಯೊ ನಿಯಂತ್ರಿತ ವಿಮಾನ ಮಾಡುವವರು ಮೋಟಾರ್ ಕೊಳ್ಳಲು ಹೋದಾಗ ಮೊದಲು ಎದುರಾಗುವ ಸಂಖ್ಯೆಯೂ ಇದೇ. 1000 ಕೆವಿ ಮೋಟಾರಿಗೆ ಮೂರು ಸೆಲ್‌ಗಳ ಲಿಥಿಯಂ ಪಾಲಿಮರ್ ಬ್ಯಾಟರಿ, ಅಂದರೆ 11.1 ವೋಲ್ಟ್ ಜೋಡಿಸಿದರೆ ಲೆಕ್ಕಕ್ಕೆ 11,100 ಸುತ್ತು. ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದರೆ 12.6 ವೋಲ್ಟ್, 12,600 ಸುತ್ತು. ಇದು ಬರಿ ಶಾಫ್ಟಿನ ಲೆಕ್ಕ. 10 ಇಂಚಿನ ಪ್ರೊಪೆಲರ್ ಸಿಕ್ಕಿಸಿದೊಡನೆ ವೇಗ ಏಳೆಂಟು ಸಾವಿರಕ್ಕೆ ಇಳಿಯುತ್ತದೆ. ಕೆ ಎಂದರೆ ಸ್ಥಿರಾಂಕ, ವಿ ಎಂದರೆ ವೆಲಾಸಿಟಿ, ಅಂದರೆ ವೇಗ. ಕಿಲೊವೋಲ್ಟಿಗೂ ಇದಕ್ಕೂ ಸಂಬಂಧವಿಲ್ಲ.

ಸಂಖ್ಯೆ ದೊಡ್ಡದಾದಷ್ಟೂ ಮೋಟಾರ್ ಬಲಶಾಲಿ ಎಂಬ ನಂಬಿಕೆ ಹೊಸಬರಲ್ಲಿ ಬಹಳ. ನಮ್ಮ ದೇಶದ ಹವ್ಯಾಸಿಗಳು ಅತಿ ಹೆಚ್ಚು ಬಳಸುವ ಅಗ್ಗದ ಮೋಟಾರುಗಳಲ್ಲೊಂದಾದ ಎ2212 ಅನ್ನೇ ನೋಡಿ. ಹೆಸರಿನಲ್ಲಿರುವ 22 ಮತ್ತು 12 ಒಳಗಿನ ಸ್ಟೇಟರಿನ, ಅಂದರೆ ತಂತಿ ಸುತ್ತಿದ ತಿರುಗದ ಕಬ್ಬಿಣದ ಭಾಗದ, ವ್ಯಾಸ ಮತ್ತು ಎತ್ತರ, ಮಿಲಿಮೀಟರಿನಲ್ಲಿ. ಅದೇ ಗಾತ್ರದ ಈ ಮೋಟಾರ್ 930, 1000, 1400, 2200 ಕೆವಿಗಳಲ್ಲಿ ಸಿಗುತ್ತದೆ. ಕಬ್ಬಿಣ ಅದೇ, ಅಯಸ್ಕಾಂತ ಅದೇ; ಬದಲಾಗುವುದು ತಾಮ್ರದ ತಂತಿಯ ಸುತ್ತುಗಳು. ಮೋಟಾರಿನ ಮೇಲೆ 13ಟಿ ಎಂದಿದ್ದರೆ ಸ್ಟೇಟರಿನ ಒಂದೊಂದು ಹಲ್ಲಿಗೂ ತಂತಿಯ 13 ಸುತ್ತು, ಅದು 1000 ಕೆವಿ. 6ಟಿ ಎಂದಿದ್ದರೆ ಆರೇ ಸುತ್ತು, 2200 ಕೆವಿ. ಸುತ್ತು ಮತ್ತು ಕೆವಿಯನ್ನು ಗುಣಿಸಿ ನೋಡಿ, ಎರಡರಲ್ಲೂ ಉತ್ತರ ಹದಿಮೂರು ಸಾವಿರದ ಆಸುಪಾಸು. ಸುತ್ತು ಕಡಿಮೆಯಾದಷ್ಟೂ ಕೆವಿ ಏರುತ್ತದೆ.

ಯಾಕೆ ಹೀಗೆ? ತಿರುಗುವ ಅಯಸ್ಕಾಂತಗಳು ಸುರುಳಿಗಳ ಎದುರು ಹಾದುಹೋಗುವಾಗ ಮೋಟಾರ್ ತಾನೂ ಒಂದು ಪುಟ್ಟ ಡೈನಮೊ ಆಗುತ್ತದೆ. ಅದು ಹುಟ್ಟಿಸುವ ವೋಲ್ಟೇಜ್ ಬ್ಯಾಟರಿಯ ವೋಲ್ಟೇಜಿಗೆ ವಿರುದ್ಧವಾಗಿ ನಿಲ್ಲುತ್ತದೆ. ವೇಗ ಏರಿದಂತೆ ಈ ಎದುರು ವೋಲ್ಟೇಜೂ ಏರಿ, ಎರಡೂ ಹೆಚ್ಚುಕಡಿಮೆ ಸಮವಾದಲ್ಲಿ ವೇಗ ನಿಲ್ಲುತ್ತದೆ. ಸುರುಳಿಯಲ್ಲಿ ಸುತ್ತು ಕಡಿಮೆಯಿದ್ದರೆ ಅಷ್ಟೇ ಎದುರು ವೋಲ್ಟೇಜ್ ಹುಟ್ಟಿಸಲು ಹೆಚ್ಚು ವೇಗ ಬೇಕು.

ಪ್ರೊಪೆಲರ್ ಹಾಕಿದಾಗ ನಡೆಯುವುದು ಇನ್ನೂ ಮುಖ್ಯ. ಗಾಳಿಯನ್ನು ತಳ್ಳುವ ಕೆಲಸ ಬಿದ್ದು ಮೋಟಾರಿನ ವೇಗ ಕುಗ್ಗುತ್ತದೆ, ಎದುರು ವೋಲ್ಟೇಜ್ ಕುಗ್ಗುತ್ತದೆ, ಆ ಅಂತರದಷ್ಟು ವೋಲ್ಟೇಜ್ ಸುರುಳಿಯೊಳಗೆ ಕರೆಂಟನ್ನು ನುಗ್ಗಿಸುತ್ತದೆ. ಸುರುಳಿಯ ರೋಧ ಒಂದು ಓಮಿನ ಸಣ್ಣ ಭಾಗವಷ್ಟೇ ಆದ್ದರಿಂದ ಅಂತರ ತುಸು ಹೆಚ್ಚಿದರೂ ಆಂಪಿಯರುಗಳು ಜಿಗಿಯುತ್ತವೆ. ಬ್ಯಾಟರಿ ಮತ್ತು ಮೋಟಾರಿನ ನಡುವೆ ಕೂತು ವೇಗವನ್ನು ನಿಯಂತ್ರಿಸುವ 30 ಆಂಪಿಯರಿನ ಇಎಸ್‌ಸಿ ಹಾಕಿದರೆ ಮೋಟಾರಿಗೆ 30 ಆಂಪಿಯರ್ ಹೋಗುತ್ತದೆ ಎಂದು ತಿಳಿಯುವುದು ಇದನ್ನು ಮರೆತಾಗಲೇ. ಎಷ್ಟು ಕರೆಂಟ್ ಬೇಕೆಂಬುದನ್ನು ಪ್ರೊಪೆಲರ್ ಹೇಳುತ್ತದೆ. ತಾಳಿಕೊಳ್ಳುವುದಷ್ಟೇ ಇಎಸ್‌ಸಿಯ ಪಾಲು.

ಕೆವಿಗೆ ಇನ್ನೊಂದು ಮುಖವಿದೆ. 9.55 ಅನ್ನು ಕೆವಿಯಿಂದ ಭಾಗಿಸಿದರೆ ಒಂದು ಆಂಪಿಯರಿಗೆ ಸಿಗುವ ತಿರುಗುಬಲ ನ್ಯೂಟನ್ ಮೀಟರಿನಲ್ಲಿ ಬರುತ್ತದೆ. 1000 ಕೆವಿಗೆ ಅದು ಸುಮಾರು 97 ಗ್ರಾಂ ಸೆಂಟಿಮೀಟರ್, 2200 ಕೆವಿಗೆ 44. ಕಡಿಮೆ ಕೆವಿಯದ್ದು ಬಲದ ಮೋಟಾರ್, ಹೆಚ್ಚು ಕೆವಿಯದ್ದು ವೇಗದ ಮೋಟಾರ್ ಎಂಬ ಮಾತು ಹುಟ್ಟಿದ್ದು ಇಲ್ಲಿಂದ. ನನ್ನ ಮಟ್ಟಿಗೆ ಅದು ಅರ್ಧ ಸತ್ಯ. ತಂತಿಯ ಸುತ್ತು ಕಡಿಮೆಯಿರುವ, ಅಂದರೆ ಕೆವಿ ಹೆಚ್ಚಿರುವ ಮೋಟಾರಿನಲ್ಲಿ ದಪ್ಪ ತಂತಿಗೆ ಜಾಗವಿರುತ್ತದೆ, ಅದು ಹೆಚ್ಚು ಆಂಪಿಯರ್ ತಾಳುತ್ತದೆ. ಒಂದೇ ಗಾತ್ರದ ಎರಡು ಮೋಟಾರುಗಳು ಕೊನೆಗೆ ಕೊಡಬಲ್ಲ ತಿರುಗುಬಲ ಬಹುತೇಕ ಒಂದೇ. ಕೆವಿಯನ್ನು ಸೈಕಲ್ಲಿನ ಗೇರಿನಂತೆ ಕಾಣುವುದು ಹೆಚ್ಚು ಸರಿ. ತುಳಿಯುವ ಕಾಲು ಅದೇ, ನಂದಿ ಬೆಟ್ಟ ಹತ್ತುವ ಗೇರ್ ಬೇರೆ, ದೇವನಹಳ್ಳಿ ರಸ್ತೆಯಲ್ಲಿ ಓಡಿಸುವ ಗೇರ್ ಬೇರೆ.

ಗೇರ್ ತಪ್ಪಿದರೆ ಏನಾಗುತ್ತದೆ? 2200 ಕೆವಿ ಮೋಟಾರಿಗೆ ಮೂರು ಸೆಲ್ ಬ್ಯಾಟರಿಯಲ್ಲಿ 6 ಇಂಚಿನ ಪ್ರೊಪೆಲರ್ ಒಪ್ಪುತ್ತದೆ. ಅದಕ್ಕೆ 10 ಇಂಚಿನದನ್ನು ಹಾಕಿದರೆ ಕತೆ ಕೆಡುತ್ತದೆ. ಪ್ರೊಪೆಲರ್ ಬೇಡುವ ಶಕ್ತಿ ವೇಗದ ಘನದಂತೆ ಏರುತ್ತದೆ: ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. ಮೋಟಾರ್ ಆ ವೇಗ ಮುಟ್ಟಲಾರದೆ ಏದುಸಿರು ಬಿಡುತ್ತ ಕರೆಂಟ್ ಎಳೆಯುತ್ತದೆ, ಇಎಸ್‌ಸಿ ಸುಡುತ್ತದೆ. ಅದು ಬದುಕುಳಿದರೂ ಫೋಮ್ ವಿಮಾನಕ್ಕೆ ಬೇರೊಂದು ಅಪಾಯವಿದೆ. ಕಾದ ಮೋಟಾರಿನ ಬಿಸಿ ಹಿಂದಿನ ಪ್ಲೈವುಡ್ ಹಲಗೆಗೆ ಹಬ್ಬಿ, ಹಲಗೆಯನ್ನು ಹಿಡಿದಿರುವ ಗ್ಲೂ ಗನ್ನಿನ ಅಂಟು ಮೆತ್ತಗಾಗುತ್ತದೆ. ನೋಡುನೋಡುತ್ತಿದ್ದಂತೆ ಮೋಟಾರ್ ವಿಮಾನವನ್ನು ಬಿಟ್ಟು ಮುಂದೆ ಹೋಗುತ್ತದೆ.

ಹಾಗಾಗಿ ಆಯ್ಕೆಯನ್ನು ಮೋಟಾರಿನಿಂದಲ್ಲ, ಪ್ರೊಪೆಲರಿನಿಂದ ಆರಂಭಿಸಬೇಕು. ವಿಮಾನದಲ್ಲಿ ಎಷ್ಟು ದೊಡ್ಡ ಪ್ರೊಪೆಲರಿಗೆ ಜಾಗವಿದೆ, ಅದು ಎಷ್ಟು ವೇಗದಲ್ಲಿ ಹಾರಬೇಕು ಎಂಬುದು ಮೊದಲ ಪ್ರಶ್ನೆ. ಪ್ರೊಪೆಲರಿನ ಅಳತೆ 10×4.5 ಎಂಬಲ್ಲಿ ಮೊದಲ ಸಂಖ್ಯೆ ವ್ಯಾಸ, ಎರಡನೆಯದು ಪಿಚ್, ಒಂದು ಸುತ್ತಿಗೆ ಮುಂದೆ ಸಾಗುವ ಲೆಕ್ಕದ ದೂರ; ಎರಡೂ ಇಂಚಿನಲ್ಲಿ. ನಿಮಿಷಕ್ಕೆ 8,000 ಸುತ್ತಿನಲ್ಲಿ ಇದು ಗಂಟೆಗೆ ಸುಮಾರು 55 ಕಿಲೋಮೀಟರ್ ಆಗುತ್ತದೆ. ಒಂದು ಮೀಟರ್ ರೆಕ್ಕೆಯ, ಏಳೆಂಟು ನೂರು ಗ್ರಾಮಿನ ಕಲಿಕೆಯ ವಿಮಾನಕ್ಕೆ ಅದು ಧಾರಾಳ. 1000 ಕೆವಿ, ಮೂರು ಸೆಲ್‌ಗಳ 2200 ಮಿಲಿ ಆಂಪಿಯರ್ ಅವರ್ ಬ್ಯಾಟರಿ, 30 ಆಂಪಿಯರ್ ಇಎಸ್‌ಸಿ ಸಾಕು. ಪ್ರೊಪೆಲರ್ ಹಿಂದಿನಿಂದ ತಳ್ಳುವ ತ್ರಿಕೋನಾಕಾರದ ಡೆಲ್ಟಾ ರೆಕ್ಕೆಯಲ್ಲಿ, ಫೋಮಿನಲ್ಲಿ ಕೊರೆದ ಸಂದಿನೊಳಗೆ 6 ಇಂಚಿಗಷ್ಟೇ ಜಾಗವಿದ್ದರೆ ಆಗ 2200 ಕೆವಿ ತನ್ನ ಜಾಗ ಕಂಡುಕೊಳ್ಳುತ್ತದೆ. 6×4 ಪ್ರೊಪೆಲರ್ 16,000 ಸುತ್ತಿನಲ್ಲಿ 97 ಕಿಲೋಮೀಟರ್ ವೇಗದ ಲೆಕ್ಕ ಕೊಡುತ್ತದೆ. ಕಲಿಯುವವರ ಕೈಗೆ ಇದನ್ನು ಕೊಡಬೇಡಿ.

ಜೋಡಣೆಯಲ್ಲಿ ಕೆವಿಯ ಕೆಲಸ ಕಡಿಮೆ, ಆದರೆ ಅದು ತರುವ ಬಿಸಿಗೆ ದಾರಿ ಬೇಕು. ಇಎಸ್‌ಸಿಯನ್ನು ಫೋಮ್ ಪೆಟ್ಟಿಗೆಯೊಳಗೆ ಮುಚ್ಚಿಡದೆ ಮೂತಿಯಲ್ಲಿ ಗಾಳಿ ಒಳಬರಲು ಒಂದು ಕಿಂಡಿ, ಹಿಂದೆ ಹೊರಹೋಗಲು ಅದಕ್ಕಿಂತ ದೊಡ್ಡದೊಂದು ಕಿಂಡಿ ಬಿಡಿ. ಅಗ್ಗದ ಇಎಸ್‌ಸಿಗಳಲ್ಲಿ ಸರ್ವೊಗಳಿಗೆ, ಅಂದರೆ ರೆಕ್ಕೆ ಮತ್ತು ಬಾಲದ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟಾರುಗಳಿಗೆ, 5 ವೋಲ್ಟ್ ಕೊಡುವ ಬಿಇಸಿ ಎಂಬ ಭಾಗ ಹೆಚ್ಚಾಗಿ ಲೀನಿಯರ್ ಬಗೆಯದು. 12 ವೋಲ್ಟಿನಲ್ಲಿ ಉಳಿದ 7 ವೋಲ್ಟನ್ನು ಅದು ಶಾಖವಾಗಿ ಸುಡುತ್ತದೆ, ಒಂದು ಆಂಪಿಯರಿಗೆ 7 ವಾಟ್. 9 ಗ್ರಾಮಿನ ಸರ್ವೊಗಳು ನಾಲ್ಕಕ್ಕಿಂತ ಹೆಚ್ಚಿದ್ದರೆ ಬೇರೆ ಬಿಇಸಿ ಹಾಕುವುದು ಒಳ್ಳೆಯದು. ತಂತಿ ಸಾಲದಿದ್ದರೆ ಮೋಟಾರಿನ ಕಡೆಯ ಮೂರು ತಂತಿಗಳನ್ನು ಉದ್ದ ಮಾಡಿ, ಬ್ಯಾಟರಿ ಕಡೆಯದನ್ನು ಬೇಡ. ಮೋಟಾರ್ ಉಲ್ಟಾ ತಿರುಗಿದರೆ ಆ ಮೂರರಲ್ಲಿ ಯಾವ ಎರಡನ್ನಾದರೂ ಅದಲುಬದಲು ಮಾಡಿದರೆ ಮುಗಿಯಿತು. ಬ್ಯಾಟರಿಯ ಜಾಗವನ್ನು ಕೊನೆಗೆ ಗುರುತಿಸಿ. ತೂಕದ ಕೇಂದ್ರವನ್ನು ರೆಕ್ಕೆಯ ಅಗಲದ ಮುಂದಿನ ಕಾಲುಭಾಗದ ಹತ್ತಿರ ತರುವುದು ಅದೇ.

ಚೀಟಿಯ ಮೇಲಿನ ಕೆವಿಯನ್ನು ಪೂರ್ತಿ ನಂಬಬೇಕಾಗಿಲ್ಲ. ಚೀಟಿ ಅಳಿಸಿಹೋದ ಮೋಟಾರಿದ್ದರೆ ಶಾಫ್ಟನ್ನು ಡ್ರಿಲ್ಲಿನ ಬಾಯಿಗೆ ಕಚ್ಚಿಸಿ, ಬುಡವನ್ನು ಗಟ್ಟಿಯಾಗಿ ಹಿಡಿದು ತಿರುಗಿಸಿ. ಮೂರರಲ್ಲಿ ಯಾವುದಾದರೂ ಎರಡು ತಂತಿಗಳ ನಡುವೆ ಮಲ್ಟಿಮೀಟರನ್ನು ಎಸಿ ವೋಲ್ಟಿನಲ್ಲಿ ಇಟ್ಟು ಅಳೆಯಿರಿ. ಬಂದ ವೋಲ್ಟನ್ನು 1.414ರಿಂದ ಗುಣಿಸಿ, ಡ್ರಿಲ್ಲಿನ ವೇಗವನ್ನು ಅದರಿಂದ ಭಾಗಿಸಿದರೆ ಕೆವಿ ಅಂದಾಜಾಗಿ ಸಿಗುತ್ತದೆ. 2,600 ಸುತ್ತಿನ ಡ್ರಿಲ್ಲಿನಲ್ಲಿ 1.84 ವೋಲ್ಟ್ ತೋರಿಸಿದರೆ ಅದು 1000 ಕೆವಿಯ ಮೋಟಾರ್. ಆಮೇಲೆ ಹಾರಿಸುವ ಮುನ್ನ ವಿಮಾನವನ್ನು ಬಿಗಿಯಾಗಿ ಹಿಡಿದು, ಬ್ಯಾಟರಿ ಮತ್ತು ಇಎಸ್‌ಸಿಯ ನಡುವೆ ವಾಟ್ ಮೀಟರ್ ಇಟ್ಟು ಪೂರ್ತಿ ಥ್ರಾಟಲ್ ಕೊಟ್ಟು ನೋಡಿ. 30 ಆಂಪಿಯರ್ ಇಎಸ್‌ಸಿಯಲ್ಲಿ ಮೀಟರ್ 25 ದಾಟಿದರೆ ಪ್ರೊಪೆಲರನ್ನು ಒಂದು ಇಂಚು ಚಿಕ್ಕದು ಮಾಡಿ, ಮತ್ತೊಮ್ಮೆ ಅಳೆಯಿರಿ.