ಪರದೆ ಒಳಗೆ ಹಾಕಿ ಬಿಸಿಲಿಗೆ ಬೈಯಬೇಡಿ

ಶಿವರಾತ್ರಿ ಕಳೆಯುತ್ತಿದ್ದ ಹಾಗೆ ನನಗೆ ಒಂದೇ ಬಗೆಯ ಫೋನುಗಳು ಶುರುವಾಗುತ್ತವೆ. "ಮೇಡಂ, ಬೇಸಿಗೆ ಬಂತು. ಹಾಲ್ ಸ್ವಲ್ಪ ಬದಲಾಯಿಸ್ಬೇಕು, ತಂಪಾಗಿ ಕಾಣ್ಬೇಕು. ಬಜೆಟ್ ಮಾತ್ರ ಜಾಸ್ತಿ ಇಲ್ಲ." ಹೋಗಿ ನೋಡಿದರೆ ಬಜೆಟ್ಟು ಆಗಲೇ ಮುಗಿದಿರುತ್ತದೆ. ಪಶ್ಚಿಮದ ದೊಡ್ಡ ಕಿಟಕಿಗೆ ದಪ್ಪನೆಯ ಪರದೆ ಬಂದಿರುತ್ತದೆ, ಸೋಫಾ ಮೇಲೆ ಅದಕ್ಕೆ ಹೊಂದುವ ಬಣ್ಣದ ಕುಶನ್ನುಗಳು, ಮೂಲೆಯಲ್ಲಿ ಪ್ಲಾಸ್ಟಿಕ್ ಎಲೆಯ ಗಿಡ. ಮನೆ ಮಾತ್ರ ಕಾವಲಿಯ ಹಾಗೆ ಕಾದಿರುತ್ತದೆ.

ಮೈಸೂರು, ಮಂಡ್ಯದ ಮನೆಗಳ ಒಳಾಂಗಣ ಕೆಲಸ ಮಾಡುತ್ತ 19 ವರ್ಷವಾಯಿತು. ಈ ಒಂದು ವಿಷಯವನ್ನು ಹೇಳಿದಷ್ಟು ಬೇರೆ ಯಾವುದನ್ನೂ ಹೇಳಿಲ್ಲ. ಇವತ್ತು ಇನ್ನೊಮ್ಮೆ, ನಿಧಾನವಾಗಿ ಬಿಡಿಸಿ ಹೇಳುತ್ತೇನೆ.

ಕುವೆಂಪುನಗರದಲ್ಲಿ ನಿವೃತ್ತ ದಂಪತಿಯ ಮನೆ. ಏಪ್ರಿಲ್ ತಿಂಗಳು, ಸಂಜೆ ನಾಲ್ಕೂವರೆ. ಪರದೆಗೇ 26 ಸಾವಿರ ಕೊಟ್ಟಿದ್ದರು. "ತೊಂಬತ್ತು ಪರ್ಸೆಂಟ್ ಬಿಸಿಲು ತಡೆಯುತ್ತೆ ಅಂತ ಅಂಗಡಿಯವರು ಹೇಳಿದ್ರು ಮೇಡಂ. ಕತ್ತಲೆ ಆಯ್ತೇ ಹೊರತು ಸೆಕೆ ಹೋಗ್ಲಿಲ್ಲ. ಇವರು ಮೂರು ಗಂಟೆಗೆ ಲೈಟ್ ಹಾಕ್ಕೊಂಡು ಪೇಪರ್ ಓದ್ತಾರೆ" ಅಂದರು ಆಕೆ. ಅವರನ್ನು ಕಿಟಕಿಯ ಹತ್ತಿರ ಕರೆದು, ಗಾಜಿಗೂ ಪರದೆಗೂ ನಡುವೆ ಕೈ ತೂರಿಸಿ ನೋಡಿ ಎಂದೆ. ತೂರಿಸಿದವರು ಹಾಗೇ ಹಿಂದಕ್ಕೆ ಎಳೆದುಕೊಂಡರು. "ಅಯ್ಯೋ, ಇಡ್ಲಿ ಪಾತ್ರೆ ಮುಚ್ಚಳ ತೆಗೆದ ಹಾಗಿದೆಯಲ್ಲ!" ಪರದೆಯ ಮೇಲ್ತುದಿಯಲ್ಲಿ, ಕಂಬಿಯ ಹತ್ತಿರ, ಬಿಸಿಗಾಳಿ ಕೋಣೆಗೆ ಉಕ್ಕುತ್ತಿತ್ತು. ಸ್ಟೂಲ್ ಹತ್ತಿ ಅಲ್ಲಿ ಅಂಗೈ ಹಿಡಿದರೆ ಅದೂ ತಿಳಿಯುತ್ತಿತ್ತು.

ಆಗುವುದು ಇಷ್ಟೇ. ಬಿಸಿಲು ಗಾಜನ್ನು ಸುಲಭವಾಗಿ ದಾಟಿ ಒಳಗೆ ಬರುತ್ತದೆ. ಬಂದದ್ದು ಪರದೆಗೆ ಬಡಿಯುತ್ತದೆ, ಪರದೆ ಕಾಯುತ್ತದೆ. ಕಾದ ಬಟ್ಟೆ ಬಿಡುವ ಶಾಖಕ್ಕೆ ಗಾಜನ್ನು ದಾಟಿ ವಾಪಸು ಹೋಗಲು ಆಗುವುದಿಲ್ಲ, ಅದು ಕೋಣೆಯಲ್ಲೇ ಉಳಿಯುತ್ತದೆ. ಪರದೆ ಎಷ್ಟೇ ದಪ್ಪ ಇರಲಿ, ಅದರ ಬೆನ್ನು ಎಷ್ಟೇ ಬೆಳ್ಳಗಿರಲಿ, ಬಿಸಿಲು ಆಗಲೇ ಮನೆಯೊಳಗೆ ಬಂದಾಗಿದೆ. ಬಿಳಿಯ ಬೆನ್ನಿನ ಪರದೆ ಸ್ವಲ್ಪ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ, ಅಷ್ಟು ಲಾಭ ಇದೆ, ಇಲ್ಲ ಎನ್ನುವುದಿಲ್ಲ. ಆದರೆ ಅದೇ ಬಿಸಿಲನ್ನು ಗಾಜಿನ ಆಚೆ, ಹೊರಗಡೆಯೇ ತಡೆದರೆ ಕಾಯುವುದು ಹೊರಗೆ ಕಟ್ಟಿದ, ಬಿದಿರಿನದೋ ಗರಿಯದೋ ಹೆಣೆದ ತಟ್ಟಿ. ಅದರ ಶಾಖವನ್ನು ಹೊರಗಿನ ಗಾಳಿಯೇ ಹೊತ್ತುಕೊಂಡು ಹೋಗುತ್ತದೆ.

ಇಷ್ಟು ಹೇಳಿದ ಮೇಲೂ "ಹಾಗಾದ್ರೆ ಇನ್ನೂ ದಪ್ಪದ್ದು ಹಾಕ್ಸೋಣ್ವಾ?" ಎಂದು ಕೇಳುತ್ತಾರೆ. ಅದಕ್ಕೆ ಇನ್ನೊಂದು ರೀತಿಯಲ್ಲಿ ಹೇಳುತ್ತೇನೆ. ಮರದ ನೆರಳಿನಲ್ಲಿ ನಿಲ್ಲಿಸಿದ ಕಾರಿಗೂ, ಬಯಲಲ್ಲಿ ನಿಲ್ಲಿಸಿ ಮುಂದಿನ ಗಾಜಿಗೆ ಒಳಗಡೆಯಿಂದ ರಟ್ಟು ಇಟ್ಟ ಕಾರಿಗೂ ಇರುವ ವ್ಯತ್ಯಾಸ ನಿಮಗೆ ಗೊತ್ತು. ಎರಡರಲ್ಲೂ ನೆರಳಿದೆ. ಆದರೆ ಮಧ್ಯಾಹ್ನ ಎರಡು ಗಂಟೆಗೆ ನೀವು ಯಾವ ಕಾರಿನಲ್ಲಿ ಕೂರುತ್ತೀರಿ? ನಿಮ್ಮ ಮನೆಗೂ ಅದೇ ನೆರಳು ಬೇಕು.

ನನಗೆ ಇದನ್ನು ಕಲಿಸಿದ್ದು ಕಾಲೇಜಲ್ಲ. ಮಂಡ್ಯದ ಹತ್ತಿರ ವಿಶ್ವೇಶ್ವರಯ್ಯ ನಾಲೆಯ ಬಗಲಿನ ಒಂದು ಹಳ್ಳಿಯಲ್ಲಿ ಒಬ್ಬರು ಹೊಸ ಮನೆ ಕಟ್ಟಿಸಿದ್ದರು. ನಾನು ಆಗ ಈ ಕೆಲಸಕ್ಕೆ ಹೊಸಬಳು, ಪರದೆ ಬಟ್ಟೆಯ ಸ್ಯಾಂಪಲ್ ಪುಸ್ತಕ ಹರಡಿಕೊಂಡು ಕೂತಿದ್ದೆ. ಅವರ ಅಜ್ಜಿ ಬಂದು ಬಟ್ಟೆ ಮುಟ್ಟಿ ನೋಡಿ, "ಇದ ಎಲ್ಗ್ ಕಟ್ಟಿಯವ್ವ?" ಅಂದರು. ಕಿಟಕಿಯ ಒಳಗಡೆ ತೋರಿಸಿದೆ. "ಬಿಸ್ಲ ಒಳೀಕ್ ಬುಟ್ಕಂಡು ಆಮ್ಯಾಕ್ ಬಟ್ಟೆ ಎಳುದ್ರೆ ಏನ್ ಬಂತವ್ವ? ಊರ್ ಕೊಳ್ಳೆ ಹೊಡುದ್ ಮೇಲೆ ಕೋಟೆ ಬಾಗ್ಲ್ ಹಾಕ್ದಂಗಾಯ್ತು" ಎಂದು ಹಿತ್ತಲಿಗೆ ಕರೆದುಕೊಂಡು ಹೋಗಿ ಹಳೆಯ ಮನೆಯ ಜಗುಲಿ ತೋರಿಸಿದರು. ಪಡುವಲ ಕಡೆಗೆ ತೆಂಗಿನ ಗರಿ ಹೆಣೆದ ತಟ್ಟಿ ಕಟ್ಟಿತ್ತು. ಅದರ ಹಿಂದೆ ಎರಡು ಕುರಿಮರಿ, ಒಂದು ನೀರಿನ ಹಂಡೆ, ತಂಪು. ಆ ಸ್ಯಾಂಪಲ್ ಪುಸ್ತಕವನ್ನು ಅವತ್ತು ಅಲ್ಲಿ ಮತ್ತೆ ತೆರೆಯಲಿಲ್ಲ.

ಈಗ ಕೆಲಸದ ಮಾತು. ಮೈಸೂರಿನ ಬಂಬೂಬಜಾರ್, ಮೇದರ್ ಬ್ಲಾಕ್ ಕಡೆ ಹೋದರೆ ಬಿದಿರಿನ ತಟ್ಟಿ, ಬಿದಿರಿನ ಪರದೆ ಹೆಣೆದು ಕೊಡುವವರು ಸಿಗುತ್ತಾರೆ. ಕುವೆಂಪುನಗರದ ಆ ಮನೆಯ ಎರಡು ಕಿಟಕಿಗೆ, ಹಗ್ಗ, ಕೊಕ್ಕೆ, ಹಾಕುವವರ ಕೂಲಿ ಎಲ್ಲ ಸೇರಿ ನಾಲ್ಕು ಸಾವಿರ ದಾಟಲಿಲ್ಲ. ನಿಮ್ಮ ಕಿಟಕಿಯ ಅಳತೆ, ಹೆಣಿಗೆ ನೋಡಿಕೊಂಡು ಇದು ಹೆಚ್ಚು ಕಡಿಮೆ ಆಗಬಹುದು. ಸಜ್ಜಾದ ಅಂಚಿಗೆ ಕೊಕ್ಕೆ ಹಾಕಿ ಕಟ್ಟಿ. ಗೋಡೆಗೆ ಅಂಟಿಸಬೇಡಿ, ಗಾಜಿಗೂ ತಟ್ಟಿಗೂ ನಡುವೆ ಒಂದು ಗೇಣಾದರೂ ಜಾಗ ಇರಲಿ. ಬಿಸಿಗಾಳಿ ಮೇಲೆ ಹೋಗಿ ಹೊರಗೆ ಜಾರಿಕೊಳ್ಳಲು ಆ ಜಾಗ ಬೇಕು. ಹೆಣಿಗೆಯ ಸಂದಿಯಲ್ಲಿ ಬೆಳಕು ಗೀರುಗೀರಾಗಿ ನೆಲದ ಮೇಲೆ ಬೀಳುತ್ತದೆ. ನೆಲ ಹಳೆಯ ಕೆಂಪು ರೆಡ್ ಆಕ್ಸೈಡ್ ಆಗಿದ್ದರಂತೂ ಅದಕ್ಕಿಂತ ಚೆಂದದ ಬೇಸಿಗೆಯ ಅಲಂಕಾರವನ್ನು ನಾನು ದುಡ್ಡು ಕೊಟ್ಟು ತಂದುಕೊಡಲಾರೆ.

ಒಳಗಿನ ಪರದೆಗೆ ತೆಳುವಾದ ಹತ್ತಿ ಸಾಕು. ಮೇಲುಕೋಟೆಯ ಪಂಚೆಯನ್ನೇ ಪರದೆ ಮಾಡಿಸಿದ ಮನೆಗಳಿವೆ, ಅಂಚು ಕೆಳಗೆ ಬರುವ ಹಾಗೆ. ಅಮ್ಮನ ಹಳೆಯ ಹತ್ತಿ ಸೀರೆ ಇದ್ದರೆ ಇನ್ನೂ ಒಳ್ಳೆಯದು. ಒಗೆದು ಒಗೆದು ಮೆತ್ತಗಾದ ಬಟ್ಟೆ ಗಾಳಿಗೆ ಆಡುವ ಹಾಗೆ ಹೊಸದು ಆಡುವುದಿಲ್ಲ.

ಲಾವಂಚದ ತಟ್ಟಿಯ ಬಗ್ಗೆ ಕೇಳುವವರಿಗೆ ಒಂದು ಎಚ್ಚರಿಕೆ. ನೀರು ಚಿಮುಕಿಸಿದ ಲಾವಂಚ ತಂಪು ಕೊಡುವುದು ಗಾಳಿ ಒಣಗಿರುವಾಗ, ಅಂದರೆ ನಮ್ಮಲ್ಲಿ ಮಾರ್ಚ್, ಏಪ್ರಿಲ್ ಮೊದಲ ಭಾಗ. ಮೇ ತಿಂಗಳ ಮಳೆ ಶುರುವಾಗಿ ಗಾಳಿಯಲ್ಲಿ ತೇವ ಹೆಚ್ಚಿದರೆ ಅದು ಒಣಗುವುದಿಲ್ಲ, ತಂಪೂ ಕೊಡುವುದಿಲ್ಲ, ಮುಗ್ಗಲು ವಾಸನೆ ಹಿಡಿಯುತ್ತದೆ. ಮನೆಯಲ್ಲಿ ಉಬ್ಬಸದವರು ಇದ್ದರೆ ನಾನು ಅದನ್ನು ಹೇಳುವುದೇ ಇಲ್ಲ. ಅಪಾರ್ಟ್‌ಮೆಂಟಿನವರು ಹೊರಗಡೆ ಏನೇ ಕಟ್ಟುವ ಮೊದಲು ಸಂಘದವರನ್ನು ಕೇಳಿ. ಮೇಲಿನ ಮಹಡಿಗಳಲ್ಲಿ ತಟ್ಟಿ ಬಿಚ್ಚಿ ಬಿದ್ದರೆ ಕೆಳಗೆ ಜನ ಇರುತ್ತಾರೆ. ಅಲ್ಲಿ ಬಾಲ್ಕನಿಯ ಒಳಗೇ, ಕಟಾಂಜನಕ್ಕೆ ಬಿಗಿಯಾಗಿ ಕಟ್ಟುವುದು ಕ್ಷೇಮ. ಆಷಾಢದ ಗಾಳಿ ಏಳುವ ಮೊದಲು ಎಲ್ಲರೂ ಬಿಚ್ಚಿ ಸುತ್ತಿಡಿ.

"ಎಲ್ಲ ಕಿಟಕಿಗೂ ಕಟ್ಟಬೇಕಾ?" ಬೇಡ, ಇಲ್ಲೇ ದುಡ್ಡು ಉಳಿಯುವುದು. ದಕ್ಷಿಣದ ಕಿಟಕಿಗೆ ಬೇಸಿಗೆಯಲ್ಲಿ ಏನೂ ಬೇಡ. ಮೈಸೂರು ಇರುವುದು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ನಾಲ್ಕನೇ ವಾರದಲ್ಲಿ ಸೂರ್ಯ ಮಧ್ಯಾಹ್ನ ನೇರ ನಮ್ಮ ನೆತ್ತಿಯ ಮೇಲೆ ಬರುತ್ತಾನೆ. ಆಮೇಲೆ ಆಗಸ್ಟ್ ಮೂರನೇ ವಾರದವರೆಗೂ ನಡುಹಗಲ ಸೂರ್ಯ ನಮ್ಮ ಉತ್ತರಕ್ಕೇ ಇರುತ್ತಾನೆ. "ಉತ್ತರದ ರೂಮಿಗೆ ಬಿಸಿಲೇ ಬರಲ್ಲ" ಎಂದು ನಂಬಿ ಮಕ್ಕಳ ಓದುವ ಮೇಜನ್ನು ಅಲ್ಲಿಟ್ಟವರು, ಮೇ ತಿಂಗಳ ಸಂಜೆ ಅದೇ ಮೇಜಿನ ಮೇಲೆ ವಾಯವ್ಯದಿಂದ ಬಿಸಿಲು ಬಿದ್ದಾಗ ನನಗೆ ಫೋನ್ ಮಾಡುತ್ತಾರೆ. ನೆತ್ತಿಯ ಬಿಸಿಲನ್ನು ಸಜ್ಜಾ ತಡೆಯುತ್ತದೆ. ಸಂಜೆಯ ಬಿಸಿಲು ಅಡ್ಡಡ್ಡ ಬರುತ್ತದೆ, ಅದಕ್ಕೆ ಸಜ್ಜಾ ಲೆಕ್ಕಕ್ಕಿಲ್ಲ. ಹಾಗಾಗಿ ತಟ್ಟಿ ಮೊದಲು ಪಶ್ಚಿಮಕ್ಕೆ, ಆಮೇಲೆ ದುಡ್ಡಿದ್ದರೆ ಉತ್ತರದ ಕಿಟಕಿಯ ಪಡುವಲ ಅಂಚಿಗೆ. ಒಂದು ಭಾನುವಾರ ಮೂರರಿಂದ ಆರರವರೆಗೆ ಮನೆಯಲ್ಲೇ ಇದ್ದು, ಬಿಸಿಲು ಎಲ್ಲಿ ಬೀಳುತ್ತದೆ ಎಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ನನ್ನನ್ನು ಕರೆಸುವ ಖರ್ಚೂ ಉಳಿಯಬಹುದು.

ಇದೇ ಸೂರ್ಯ ಧನುರ್ಮಾಸದಲ್ಲಿ ದಕ್ಷಿಣಕ್ಕೆ ಇಳಿದಿರುತ್ತಾನೆ, ಮಧ್ಯಾಹ್ನವೂ ಓರೆಯಾಗಿ ಒಳಗೆ ಬರುತ್ತಾನೆ. ಆಗ ದಕ್ಷಿಣದ ಪರದೆ ಪೂರ್ತಿ ಸರಿಸಿ, ಜಮಖಾನ ಅಲ್ಲಿಗೇ ಎಳೆದು ಹಾಕಿ, ಅಜ್ಜ ಅಜ್ಜಿಯರ ಕುರ್ಚಿಯನ್ನೂ ಅಲ್ಲಿಗೇ ತನ್ನಿ. ಚಳಿಗಾಲದ ಅಲಂಕಾರಕ್ಕೆ ಬೇರೆ ಖರ್ಚು ಬೇಕೆಂದು ನನಗೆ ಅನಿಸಿಲ್ಲ.

ಮಳೆಗಾಲಕ್ಕೆ ಒಂದೇ ಮಾತು, ಅದನ್ನೂ ಸ್ವಲ್ಪ ಸಿಟ್ಟಿನಿಂದಲೇ ಹೇಳುತ್ತೇನೆ: ದಸರಾಕ್ಕೆಂದು ಗೋಡೆಗೆ ಬಣ್ಣ ಹೊಡೆಸಬೇಡಿ. ನಾವಿರುವುದು ಪಶ್ಚಿಮ ಘಟ್ಟದ ಮಳೆನೆರಳಲ್ಲಿ. ಜೂನ್, ಜುಲೈನಲ್ಲಿ ನಮಗೆ ಬರುವುದು ಹೆಚ್ಚಾಗಿ ಸೋನೆ; ಜೋರು ಮಳೆ ಬರುವುದು ಮೇ ತಿಂಗಳಲ್ಲಿ, ಮತ್ತೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಸರಿಯಾಗಿ ಗೋಡೆ ನೀರು ಕುಡಿದು ನಿಂತಿರುವಾಗ, ನವರಾತ್ರಿಗೆ ಹತ್ತು ದಿನ ಇರುವಾಗ, ಪೇಂಟರ್‌ಗಳಿಗೆ ಹೆಚ್ಚು ಕೂಲಿ ಕೊಟ್ಟು ಪುಟ್ಟಿ, ಪೇಂಟು ಹೊಡೆಸುತ್ತೀರಿ. ಸಂಕ್ರಾಂತಿಗೆ ಎಳ್ಳು ಬೀರಲು ಬಂದವರು ಉಬ್ಬಿದ ಗೋಡೆ ನೋಡುತ್ತಾರೆ. ತಾರಸಿಯ ನೀರು ಹೋಗುವ ಕೊಳವೆ ಮೊದಲು ನೋಡಿಸಿ, ಬಣ್ಣಕ್ಕೆ ಫೆಬ್ರವರಿವರೆಗೆ ಕಾಯಿರಿ. ಒದ್ದೆ ಗೋಡೆಯ ಮೇಲೆ ವಾಲ್‌ಪೇಪರ್ ಅಂಟಿಸುವ ಯೋಚನೆಯನ್ನಂತೂ ನನ್ನ ಹತ್ತಿರ ತರಬೇಡಿ.

ಹಾಗಾದರೆ ದಸರಾಕ್ಕೆ ಏನು ಮಾಡುವುದು? ನಮ್ಮೂರಲ್ಲಿ ಆ ಪ್ರಶ್ನೆ ಕೇಳಬಾರದು! ಗೊಂಬೆ ಕೂರಿಸಿ. ಚಾಮುಂಡಿಪುರಂನಲ್ಲಿ ಒಂದು ಚಿಕ್ಕ ಬಾಡಿಗೆ ಮನೆಗೆ ಪ್ರತಿ ನವರಾತ್ರಿ ಹೋಗುತ್ತೇನೆ. ಹಳೆಯ ಟ್ರಂಕು, ಮಗಳ ಪುಸ್ತಕದ ರಟ್ಟಿನ ಡಬ್ಬಗಳು, ಅವುಗಳ ಮೇಲೆ ಇಸ್ತ್ರಿ ಮಾಡಿದ ಬಿಳಿ ಪಂಚೆ, ಐದು ಮೆಟ್ಟಿಲು. ಮೇಲೆ ಪಟ್ಟದ ಗೊಂಬೆ, ಅಂದರೆ ರಾಜ ರಾಣಿಯ ಜೋಡಿ, ಮನೆಯಾಕೆಯ ಮದುವೆಯಲ್ಲಿ ತವರಿನವರು ಕೊಟ್ಟದ್ದು. ರಾಜನ ಪೇಟದ ಜರಿಯನ್ನು ಈ ಸಲ ಹೊಸದಾಗಿ ಹೊಲಿದಿದ್ದರು. ಕೆಳಗೆ ಚನ್ನಪಟ್ಟಣದ ಆಟಿಕೆಗಳು, ತಟ್ಟೆಯಲ್ಲಿ ರಾಗಿ ಮೊಳಕೆ ಬರಿಸಿ ಮಾಡಿದ ಹೊಲ. ಹಿಂದಿನ ಗೋಡೆ ಅಲ್ಲಲ್ಲಿ ಕಲೆಯಾಗಿತ್ತು, ಒಂದು ಸೀರೆ ಇಳಿಬಿಟ್ಟು ಮರೆಮಾಡಿದ್ದರು.

ಆ ಮನೆಯಲ್ಲಿ ಬದಲಾಯಿಸಿದ್ದು ಬಲ್ಬು ಒಂದನ್ನೇ. ಇದನ್ನು ಎಲ್ಲರಿಗೂ ಹೇಳುತ್ತೇನೆ: ಹಾಲ್‌ನಲ್ಲಿ 6500 ಕೆಲ್ವಿನ್‌ನ ಬಿಳಿ ಬೆಳಕು ಬೇಡ, ಡಬ್ಬದ ಮೇಲೆ 2700 ಅಥವಾ 3000 ಎಂದಿರುವುದನ್ನು ತನ್ನಿ. ಅರಮನೆಯ ದೀಪ ಹತ್ತಿದಾಗ ನಾವು ಬಾಯಿ ಬಿಟ್ಟುಕೊಂಡು ನೋಡುವ ಬಣ್ಣ ಅದೇ, ಹೊಂಬಣ್ಣ. ಓದುವ ಮೇಜು, ಅಡುಗೆಮನೆಯ ಕಟ್ಟೆಗೆ ಬಿಳಿ ಬೆಳಕು ಇರಲಿ, ವಯಸ್ಸಾದವರ ಕಣ್ಣಿಗೆ ಅದು ಬೇಕಾಗಬಹುದು.

ಹೂವು, ಮಾವಿನ ತೋರಣದ ಬಗ್ಗೆ ನಾನೇನು ಹೇಳಲಿ, ದೇವರಾಜ ಮಾರುಕಟ್ಟೆಗೆ ಬೆಳಿಗ್ಗೆ ಚೀಲ ಹಿಡಿದು ಹೋಗುವವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಕುವೆಂಪುನಗರದ ಆಕೆ ಕಳೆದ ತಿಂಗಳು ಫೋನ್ ಮಾಡಿದ್ದರು. ದಪ್ಪ ಪರದೆಯನ್ನು ಬಿಚ್ಚಿ ಮಗಳ ಮನೆಗೆ ಕಳಿಸಿದ್ದಾರೆ; ಅಳಿಯನಿಗೆ ರಾತ್ರಿ ಪಾಳಿ, ಹಗಲು ನಿದ್ದೆಗೆ ಕತ್ತಲೆ ಬೇಕಂತೆ. ಯಜಮಾನರು ಈಗ ಮಧ್ಯಾಹ್ನ ಲೈಟ್ ಇಲ್ಲದೆ ಪೇಪರ್ ಓದುತ್ತಾರೆ. ಪಕ್ಕದ ಮನೆಯವರಿಗೂ ತಟ್ಟಿ ಬೇಕಂತೆ, ಅಳತೆ ಹೇಗೆ ತೆಗೆಯಬೇಕು ಎಂದು ಕೇಳಿದರು. ಕಿಟಕಿಯ ಅಗಲಕ್ಕೆ ಎರಡೂ ಕಡೆ ಅರ್ಧರ್ಧ ಅಡಿ ಸೇರಿಸಿ, ಉದ್ದ ಕಿಟಕಿಯ ಹೊಸ್ತಿಲಿಗಿಂತ ಒಂದು ಗೇಣು ಕೆಳಗಿರಲಿ, ಯುಗಾದಿಯೊಳಗೆ ಹೇಳಿಬಿಡಿ ಅಂದೆ. ಬಿಸಿಲು ಏರಿದ ಮೇಲೆ ಹೋದರೆ ಹೆಣೆಯುವವರಿಗೆ ಪುರುಸೊತ್ತು ಇರುವುದಿಲ್ಲ.